ಪೂರಕ

ಅವ್ವನ ತಟ್ಟೆಯಂಚಿನಲ್ಲಿ ಅವರೆಕಾಳು ಉಳಿಯತೊಡಗಿ ಎಷ್ಟು ದಿನವಾಗಿತ್ತೋ ಗೊತ್ತಿಲ್ಲ. ನಾನು ಗಮನಿಸಿದ್ದು ಸಂಕ್ರಾಂತಿ ಹತ್ತಿರವಿದ್ದ ಒಂದು ರಾತ್ರಿ. ಮುದ್ದೆ ಮುರಿದು, ಸಾರಿನ ತಿಳಿಯಲ್ಲಿ ಅದ್ದಿ, ಒಂದೊಂದೇ ತುತ್ತು ನುಂಗುತ್ತಿದ್ದಳು. ಕಾಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು. ಹಲ್ಲು ಹೋದವರಿಗೆ ಮುದ್ದೆ ದೊಡ್ಡ ಆಸರೆ. ಅಗಿಯುವ ಕೆಲಸವಿಲ್ಲ, ಗಂಟಲಿನಲ್ಲಿ ಜಾರಿದರೆ ಆಯಿತು. ಕಾಳು ಹಾಗಲ್ಲ, ಅದು ಹಲ್ಲು ಕೇಳುತ್ತದೆ.

ಅದೇ ವಾರ ತಂಗಿಯ ಮಗಳು ಅಮೆರಿಕದಿಂದ ಬಂದವಳು ಅಜ್ಜಿಗೆಂದು ಒಂದು ಡಬ್ಬಿ ತಂದುಕೊಟ್ಟಳು. ಎಲ್-ಲೈಸಿನ್, ಒಂದೊಂದು ಮಾತ್ರೆಯಲ್ಲೂ 1000 ಮಿಲಿಗ್ರಾಂ. ಅದು ಅಮೈನೋ ಆಮ್ಲ, ಅಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಮೂಳೆಗೆ ಒಳ್ಳೆಯದು, ಚರ್ಮಕ್ಕೆ ಒಳ್ಳೆಯದು, ತುಟಿಯ ಮೇಲೆ ಗುಳ್ಳೆ ಏಳುವುದಿಲ್ಲ, ಮನಸ್ಸಿಗೂ ಹಗುರ ಎಂದಳು. ಅವ್ವ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದೇನಪ್ಪಾ?"

"ಮಾತ್ರೆ ಕಣವ್ವ. ಊಟದಲ್ಲಿ ಕಮ್ಮಿ ಬೀಳೋದನ್ನ ತುಂಬುತ್ತಂತೆ."

"ನನ್ನೂಟದಲ್ಲಿ ಏನಪ್ಪಾ ಕಮ್ಮಿ ಬಿದ್ದಿರೋದು?"

ಅವಳು ಸುಮ್ಮನೆ ಕೇಳಿದ್ದಳು. ನನಗೆ ಸುಮ್ಮನೆ ಉತ್ತರ ಹೇಳಲಾಗಲಿಲ್ಲ. ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಮೆಂತ್ಯದ ಡಬ್ಬಿಯ ಪಕ್ಕ ಇಟ್ಟು, ಆ ಪ್ರಶ್ನೆಯನ್ನು ಎತ್ತಿಕೊಂಡು ಹೊರಟೆ.

ಇಂಥ ಮಾತ್ರೆಗಳಿಗೆ ಕನ್ನಡದಲ್ಲಿ ನಾವು ಪೂರಕ ಆಹಾರ ಎನ್ನುತ್ತೇವೆ. ಪೂರಕ ಎಂಬ ಮಾತಿಗೆ ಇನ್ನೊಂದು ನೆಲೆಯಿದೆ. ಪ್ರಾಣಾಯಾಮದಲ್ಲಿ ಉಸಿರನ್ನು ಒಳಗೆ ಎಳೆದುಕೊಳ್ಳುವುದು ಪೂರಕ, ಹೊರಗೆ ಬಿಡುವುದು ರೇಚಕ. ಒಳಗೆ ಹುಟ್ಟದೆ ಹೊರಗಿನಿಂದಲೇ ಬರಬೇಕಾದದ್ದನ್ನು ಬರಮಾಡಿಕೊಳ್ಳುವ ಕ್ರಿಯೆಗೆ ಆ ಹೆಸರು. ಲೈಸಿನ್‌ಗೆ ಈ ಅರ್ಥ ಎಷ್ಟು ಸರಿಯಾಗಿ ಕೂಡುತ್ತದೆ ಎಂಬುದು ಓದುತ್ತಾ ಹೋದಂತೆ ತಿಳಿಯಿತು.

ಲೈಸಿನ್ ಅನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ಎಡ್ಮಂಡ್ ಡ್ರೆಕ್ಸೆಲ್, 1889ರಲ್ಲಿ, ಹಾಲಿನ ಕೇಸಿನ್‌ನಿಂದ. ನಮ್ಮ ಮೈಯ ಪ್ರೋಟೀನುಗಳೆಲ್ಲ 20 ಬಗೆಯ ಅಮೈನೋ ಆಮ್ಲಗಳ ಜೋಡಣೆ. ಅವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು. ಲೈಸಿನ್ ಆ ಒಂಬತ್ತರಲ್ಲಿ ಒಂದು. ಗಿಡ ಮಾಡುತ್ತದೆ, ಬ್ಯಾಕ್ಟೀರಿಯ ಮಾಡುತ್ತದೆ, ಬೆನ್ನೆಲುಬಿರುವ ಯಾವ ಪ್ರಾಣಿಯೂ ಮಾಡಲಾರದು. 'ಜುರಾಸಿಕ್ ಪಾರ್ಕ್' ಕಥೆಯಲ್ಲಿ ಡೈನೋಸಾರ್‌ಗಳು ತಪ್ಪಿಸಿಕೊಂಡು ಹೋದರೂ ಬದುಕಬಾರದೆಂದು ಲೈಸಿನ್ ತಯಾರಿಸುವ ಶಕ್ತಿಯನ್ನು ವಿಜ್ಞಾನಿಗಳು ಅವುಗಳಿಂದ ತೆಗೆದುಹಾಕಿರುತ್ತಾರೆ. ಕಿತ್ತುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆ ಕಥೆಯ ಪ್ರಾಣಿಗಳಿಗೆ ವಿಧಿಸಿದ ಶಿಕ್ಷೆಯಲ್ಲೇ ನಾವೂ ನಮ್ಮ ದನಕರುಗಳೂ ಕೋಟ್ಯಂತರ ವರ್ಷಗಳಿಂದ ಬದುಕಿದ್ದೇವೆ. ಇದನ್ನು ಶಿಕ್ಷೆ ಎನ್ನಬೇಕೋ ಋಣ ಎನ್ನಬೇಕೋ ಎಂದು ಯೋಚಿಸಿದ್ದೇನೆ. ಅನ್ನದ ಋಣ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಉಣಿಸಿದ ಮನುಷ್ಯರನ್ನು ನೆನೆದು. ಆ ಋಣದ ಬೇರು ಗಿಡದವರೆಗೂ ಇಳಿದಿದೆ.

ಹೀಗೆ ಬಂದ ಲೈಸಿನ್ ಏನು ಮಾಡುತ್ತದೆ? ಮೂಳೆ ಚರ್ಮಗಳನ್ನು ಹಿಡಿದಿಡುವ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಅದರ ಮೂಲಕ. ಕೊಬ್ಬನ್ನು ಉರಿಸಲು ಬೇಕಾದ ಕಾರ್ನಿಟೀನ್ ಅನ್ನು ದೇಹ ಅದರಿಂದ ಕಟ್ಟಿಕೊಳ್ಳುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಕಣ್ಣಿನ ಹಿಂಪರದೆಯಲ್ಲಿ ರೊಡಾಪ್ಸಿನ್ ಎಂಬ ಪ್ರೋಟೀನ್ ಇದೆ. ಬೆಳಕನ್ನು ಹಿಡಿಯುವ ವಿಟಮಿನ್ ಎಯ ತುಣುಕೊಂದು ಆ ಪ್ರೋಟೀನಿನ ಒಡಲಲ್ಲಿ ಅಂಟಿಕೊಂಡಿರುವುದು ಒಂದು ಲೈಸಿನ್‌ಗೆ, ಸರಪಣಿಯಲ್ಲಿ 296ನೆಯ ಸ್ಥಾನದಲ್ಲಿರುವ ಲೈಸಿನ್‌ಗೆ. ಮಬ್ಬುಗತ್ತಲಲ್ಲಿ ಅವ್ವ ನನ್ನ ಮುಖದ ಗುರುತು ಹಿಡಿಯುವಾಗ ಬೆಳಕು ಮೊದಲು ಮುಟ್ಟುವ ಜಾಗ ಅದು. ಆ ಲೈಸಿನ್ ಎಂದೋ ಒಂದು ದಿನ ಯಾವುದೋ ಹೊಲದ ಅವರೆಯಲ್ಲಿ ಇದ್ದಿರಬಹುದು.

ಕಡಿಮೆ ಬೀಳುವುದೆಂದರೇನು ಎಂಬುದಕ್ಕೆ ನನಗೆ ಹೊಳೆಯುವ ಚಿತ್ರ ಹಳೆಯ ಮುದ್ರಣಾಲಯದ್ದು. ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಪುಟ ಕಟ್ಟುತ್ತಿದ್ದ ಕಾಲದಲ್ಲಿ, ಖಾನೆಯಲ್ಲಿ 'ರ' ಮುಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮಿಕ್ಕ ಅಕ್ಷರಗಳು ರಾಶಿ ಇದ್ದೂ ಪ್ರಯೋಜನವಿಲ್ಲ. ದೇಹದ ಕಷ್ಟ ಇನ್ನೂ ಹೆಚ್ಚಿನದು. ಮಿಕ್ಕ ಮೊಳೆಗಳನ್ನು ನಾಳೆಗೆಂದು ಎತ್ತಿಡುವ ಖಾನೆಯೇ ಅದಕ್ಕಿಲ್ಲ. ಉಳಿದವನ್ನು ಸುಟ್ಟುಬಿಡುತ್ತದೆ. ಒಂದು ಕಡಿಮೆ ಬಿದ್ದರೆ ಹತ್ತೊಂಬತ್ತು ವ್ಯರ್ಥ.

ಅಮೆರಿಕದ ನ್ಯೂ ಹೇವನ್‌ನಲ್ಲಿ ಥಾಮಸ್ ಆಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಇದನ್ನು ಇಲಿಗಳಲ್ಲಿ ಕಂಡರು. ಗೋಧಿಯ ಗ್ಲಯಾಡಿನ್ ಎಂಬ ಪ್ರೋಟೀನನ್ನಷ್ಟೇ ತಿಂದ ಮರಿಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಇದ್ದ ಗಾತ್ರದಲ್ಲೇ ದಿನ ದೂಡಿದವು. ಆ ಆಹಾರಕ್ಕೆ ಲೈಸಿನ್ ಸೇರಿಸಿದ್ದೇ ಬೆಳೆಯತೊಡಗಿದವು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸಾಯದೆ ಬೆಳೆಯದೆ ಉಳಿಯುವ ಆ ಸ್ಥಿತಿಯ ವಿವರ ಓದುವಾಗ ಮನಸ್ಸು ಪ್ರಯೋಗಶಾಲೆಯಲ್ಲಿ ನಿಲ್ಲಲಿಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ನನ್ನ ಜೊತೆ ಕೂರುತ್ತಿದ್ದ, ಏಳನೇ ತರಗತಿಯಲ್ಲೂ ನಾಲ್ಕನೆಯ ತರಗತಿಯವರಂತೆ ಕಾಣುತ್ತಿದ್ದ ಹುಡುಗರು ನೆನಪಾದರು.

ಗೋಧಿಯೊಂದೇ ಅಲ್ಲ, ಧಾನ್ಯಗಳೆಲ್ಲ ಲೈಸಿನ್ ವಿಷಯದಲ್ಲಿ ಬಡವು. 100 ಗ್ರಾಂ ಪ್ರೋಟೀನಿಗೆ ಲೆಕ್ಕ ಹಾಕಿದರೆ ಗೋಧಿಯಲ್ಲೂ ರಾಗಿಯಲ್ಲೂ ಸುಮಾರು 2.8 ಗ್ರಾಂ, ಅಕ್ಕಿಯಲ್ಲಿ 3.7ರ ಆಸುಪಾಸು. ತೊಗರಿ, ಅವರೆ, ಹುರುಳಿಗಳಲ್ಲಿ ಅದರ ಎರಡರಷ್ಟು, ಹಾಲಿನಲ್ಲಿ ಇನ್ನೂ ತುಸು ಹೆಚ್ಚು. ಕಾಳಿನಲ್ಲಿ ಕಡಿಮೆ ಇರುವುದು ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಅದು ರಾಗಿಯಲ್ಲಿ ಧಾರಾಳ.

ಇಲ್ಲಿಗೆ ಬಂದಾಗ ಕನಕದಾಸರ 'ರಾಮಧಾನ್ಯ ಚರಿತೆ' ನೆನಪಾಗದೆ ಇರುವುದಿಲ್ಲ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂದು ಜಗಳ ಹತ್ತಿ, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ಉಳ್ಳವರ ಧಾನ್ಯದೆದುರು ಬಡವರ ಧಾನ್ಯ ತಲೆಯೆತ್ತಿ ನಿಂತ ಆ ತೀರ್ಪಿನ ಬೆಲೆ ನನಗೆ ಗೊತ್ತು. ರಾಗಿ ತಿಂದೇ ಬೆಳೆದವನು ನಾನು. ಆದರೆ ಲೈಸಿನ್ ಓದಿದ ಮೇಲೆ ಆ ಸಭೆಯನ್ನು ಮತ್ತೊಮ್ಮೆ ಕಣ್ಣಮುಂದೆ ತಂದುಕೊಂಡೆ. ವಾದಿಗೂ ಪ್ರತಿವಾದಿಗೂ ಇದ್ದ ಕೊರತೆ ಒಂದೇ. ಅದನ್ನು ನೀಗಬಲ್ಲ ಅವರೆ, ಹುರುಳಿ, ತೊಗರಿ ಹೊಲದ ಸಾಲಿನ ನಡುವೆ ಅಕ್ಕಡಿಯಾಗಿ ಬೆಳೆದುಕೊಂಡು ಸುಮ್ಮನಿದ್ದವು. ಅವನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ ಮೊದಲ ರೈತನಿಗೆ ಅಮೈನೋ ಆಮ್ಲ ಗೊತ್ತಿರಲಿಲ್ಲ. ಮುದ್ದೆಯ ಮಗ್ಗುಲಿಗೆ ಸಾರು ಬೇಕೆಂಬುದು ಮಾತ್ರ ಗೊತ್ತಿತ್ತು.

ಮಾತ್ರೆಯ ಗುಣಗಳನ್ನೂ ಶ್ರದ್ಧೆಯಿಂದಲೇ ಹುಡುಕಿದೆ. ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಬೆಳೆಯಲು ಅರ್ಜಿನಿನ್ ಎಂಬ ಅಮೈನೋ ಆಮ್ಲ ಬೇಕು, ಲೈಸಿನ್ ಹೆಚ್ಚಿದ್ದರೆ ವೈರಸ್ ಬಡವಾಗುತ್ತದೆ ಎಂಬ ಸುಳಿವು 1964ರಲ್ಲಿ ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಸಿಕ್ಕಿತ್ತು. ಲೈಸಿನ್ ಮಾತ್ರೆಯ ಖ್ಯಾತಿ ಹೆಚ್ಚಾಗಿ ನಿಂತಿರುವುದು ಅದರ ಮೇಲೆ. ಮನುಷ್ಯರ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಬಂತು. ಗುಳ್ಳೆ ಮರುಕಳಿಸದಂತೆ ಲೈಸಿನ್ ತಡೆಯುತ್ತದೆ ಎನ್ನಲು ಅದಕ್ಕೆ ಆಧಾರ ಕಾಣಲಿಲ್ಲ. ಕ್ಯಾಲ್ಸಿಯಂ ಹೀರಿಕೆಗೆ ನೆರವಾಗುತ್ತದೆ ಎಂಬ ಮಾತಿಗೆ ಇರುವವು ಸಣ್ಣ ಅಧ್ಯಯನಗಳು. ಮೂಳೆ ಮುರಿಯುವುದನ್ನು ತಪ್ಪಿಸುತ್ತದೆ ಎಂದು ಅವುಗಳಿಂದ ಹೇಳಲಾಗದು.

ಆದರೆ ಬೇರೆ ಕಡೆ ಬೇರೆ ಉತ್ತರ ಸಿಕ್ಕಿದೆ. ಗೋಧಿಯೇ ಮುಖ್ಯ ಆಹಾರವಾದ ಸಿರಿಯಾದ ಹಳ್ಳಿಗಳಲ್ಲಿ ಹಿಟ್ಟಿಗೆ ಲೈಸಿನ್ ಬೆರೆಸಿ ಮೂರು ತಿಂಗಳು ಉಣಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಸದಾ ಕಾಡುವ ಆತಂಕ ತಗ್ಗಿತ್ತು, ಹೆಂಗಸರಲ್ಲಿ ಒತ್ತಡದ ಗಳಿಗೆಗೆ ಏರುವ ಕಾರ್ಟಿಸಾಲ್ ತಗ್ಗಿತ್ತು. ಘಾನಾದ ಅಕ್ರಾ ಪಟ್ಟಣದ ಹೊರವಲಯದ ಬಡ ಮನೆಗಳಲ್ಲಿ ಲೈಸಿನ್ ಕೊಟ್ಟಾಗ ಮಕ್ಕಳ ಭೇದಿ ಕಡಿಮೆಯಾಯಿತೆಂದು 2010ರಲ್ಲಿ ವರದಿಯಾಯಿತು. ಸಿರಿಯಾದ ಅಧ್ಯಯನದಲ್ಲಿ ಲೈಸಿನ್ ತಯಾರಿಸುವ ಕಂಪನಿಯ ವಿಜ್ಞಾನಿಯೂ ಇದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಲೈಸಿನ್‌ಗೆ ಗುಣ ಕಂಡದ್ದು ಅದು ಕಡಿಮೆ ಬಿದ್ದಿದ್ದ ಕಡೆ. ಮಾಂಸ, ಮೊಟ್ಟೆ, ಹಾಲು ತುಂಬಿದ ಊಟದ ಮೇಲೆ ಮಾತ್ರೆ ನುಂಗುವವರಿಗೆ ಅದು ಕೊಡುವುದು ತೀರ ಕಡಿಮೆ. ಔಷಧಕ್ಕೂ ಅನ್ನಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅನ್ನದ ಗುಣವೆಲ್ಲ ಹಸಿವಿನ ಮುಂದೆ.

ಹಾಗಾದರೆ ಯಾರಿಗೆ ಎಷ್ಟು ಬೇಕು? ಇದರ ಉತ್ತರದ ಒಂದು ದೊಡ್ಡ ಪಾಲು ಸಿಕ್ಕಿದ್ದು ಬೆಂಗಳೂರಿನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ 1940ರ ದಶಕದಿಂದ ತನ್ನ ವಿದ್ಯಾರ್ಥಿಗಳಿಗೆ ಶುದ್ಧ ಅಮೈನೋ ಆಮ್ಲಗಳ ಊಟವನ್ನೇ ಕೊಟ್ಟು, ಒಂದೊಂದನ್ನು ತೆಗೆದು ನೋಡಿ, ಕೆಲವು ಅಳತೆಗಳನ್ನು ಕಂಡುಕೊಂಡಿದ್ದ. 1985ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕು ಎಂದದ್ದು ಆ ಬಗೆಯ ಲೆಕ್ಕದಿಂದ. ಆ ಅಂಕಿಯನ್ನು ಒಪ್ಪಿದರೆ ಬರಿಯ ಗೋಧಿ, ಬರಿಯ ರಾಗಿ ಉಂಡವರಿಗೂ ಕೊರತೆಯೇ ಇಲ್ಲ. ಕಾಗದದ ಮೇಲೆ ಬಡವರ ಊಟ ತುಂಬಿಹೋಯಿತು. ಈ ಅಂಕಿ ತೀರ ಕಡಿಮೆ ಎಂದು ಎಂಐಟಿಯ ವರ್ನನ್ ಯಂಗ್ ವಾದಿಸಿದರು. ಆ ವಾದಕ್ಕೆ ಭಾರತೀಯರ ಮೈಯಿಂದಲೇ ಆಧಾರ ಒದಗಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರ ಕುರ್ಪಾಡ್ ಮತ್ತು ಅವರ ಸಂಗಡಿಗರು.

ಅವರು ಅಳೆದದ್ದು ಉಸಿರನ್ನು. ಇಂಗಾಲದ ತುಸು ಭಾರದ ಆದರೆ ವಿಕಿರಣವಿಲ್ಲದ ಒಂದು ರೂಪದಿಂದ ಗುರುತು ಹಾಕಿದ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಕೊಟ್ಟು, ಬೇರೆ ಬೇರೆ ಪ್ರಮಾಣದ ಲೈಸಿನ್ ಊಟ ಮಾಡಿದವರ ಉಸಿರನ್ನು 24 ಗಂಟೆ ಪರೀಕ್ಷಿಸಿದರು. ಲೈಸಿನ್ ಸಾಲದಿದ್ದರೆ ಪ್ರೋಟೀನಿನ ಪುಟ ಕಟ್ಟುವುದು ನಿಲ್ಲುತ್ತದೆ. ಕೆಲಸವಿಲ್ಲದ ಲ್ಯೂಸಿನ್ ಸುಟ್ಟುಹೋಗಿ, ಅದರ ಗುರುತು ಹೊರಬಿಟ್ಟ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಪೂರಕದಲ್ಲಿ ಆದ ಕೊರತೆ ರೇಚಕದಲ್ಲಿ ಬಯಲಾದಂತೆ. ಕಿಲೋ ತೂಕಕ್ಕೆ ದಿನಕ್ಕೆ ಬೇಕಾದದ್ದು ಸುಮಾರು 30 ಮಿಲಿಗ್ರಾಂ ಎಂದು ತೋರಿತು. 2007ರಲ್ಲಿ ಪ್ರಕಟವಾದ ವಿಶ್ವಸಂಸ್ಥೆಯ ವರದಿ 12ನ್ನು ಬಿಟ್ಟು 30ನ್ನು ಒಪ್ಪಿಕೊಂಡಿತು. ಒಂದು ಅಂಕಿ ತಿದ್ದಿದ್ದಕ್ಕೆ ಕೋಟ್ಯಂತರ ತಟ್ಟೆಗಳ ಕೊರತೆ ಕಣ್ಣಿಗೆ ಬಿತ್ತು. ಹಿಂದಿನ ದಿನವೂ ಅದು ಇತ್ತು. ಹೆಸರಿರಲಿಲ್ಲ, ಅಷ್ಟೆ.

ಅದೇ ತಂಡದ ಮುಂದಿನ ಕೆಲಸವನ್ನು ನಾನು ಎರಡು ಸಲ ಓದಿದೆ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕಿದ ಗಂಡಸರಲ್ಲಿ ಅಳೆದಾಗ ಅವರಿಗೆ ಬೇಕಾದ ಲೈಸಿನ್ 44 ಮಿಲಿಗ್ರಾಂ ಎಂದು ಬಂತು. ಬಡವನ ಮೈ ಉಳ್ಳವನ ಮೈಗಿಂತ ಹೆಚ್ಚು ಕೇಳುತ್ತಿತ್ತು. ಏಕೆಂದು ಹುಡುಕಿ, ಕರುಳಿನ ಜಂತುಗಳಿಗೆ ಔಷಧ ಕೊಟ್ಟು ಮತ್ತೆ ಅಳೆದರು. 35ಕ್ಕೆ ಇಳಿಯಿತು. ಹೆಚ್ಚುವರಿ ಲೈಸಿನ್‌ನಲ್ಲಿ ಒಂದು ಪಾಲು ಜಂತುಗಳ ಬಾಬತ್ತಾಗಿತ್ತು. ಈ ಸಂಗತಿ ಹೊಳೆದ ಮೇಲೆ ಲೈಸಿನ್ ಕೊರತೆ ಎಂಬ ಮಾತನ್ನೇ ಹಗುರವಾಗಿ ಬಳಸಲು ನನಗೆ ಆಗುತ್ತಿಲ್ಲ. ಅದರೊಳಗೆ ಬರಿಗಾಲು, ಬಯಲಿಗೆ ಹೋಗುವ ದಾರಿ, ಕುಡಿಯುವ ನೀರು, ಮಾಡಿದ ಮೈಮುರಿ ಕೆಲಸ ಎಲ್ಲ ಕೂತಿವೆ. ಅವುಗಳಲ್ಲಿ ಯಾವುದನ್ನೂ ಮಾತ್ರೆ ಮುಟ್ಟಲಾರದು.

ಮಾತ್ರೆ ಬೇಡವೇ ಬೇಡ ಎನ್ನುವವನು ನಾನಲ್ಲ. ಹಸಿದ ಮಗುವಿಗೆ ಕೊರತೆ ನೀಗುವ ಪುಡಿ ಸಿಕ್ಕರೆ ಅದನ್ನು ಕೊಡದೆ ತತ್ತ್ವ ಮಾತಾಡುವುದು ಕ್ರೌರ್ಯ. ಆ ಯೋಚನೆಯನ್ನು ನಮ್ಮವರು ಪ್ರಾಮಾಣಿಕವಾಗಿ ಮಾಡಿದ್ದಾರೆ. ಮೈಸೂರಿನಲ್ಲಿ ರಾಗಿ ಊಟ ಮಾಡುವ ಮಕ್ಕಳಿಗೆ ಕೆಲವರಿಗೆ ಲೈಸಿನ್, ಇನ್ನು ಕೆಲವರಿಗೆ ಸೊಪ್ಪಿನಿಂದ ತೆಗೆದ ಪ್ರೋಟೀನ್ ಸೇರಿಸಿ ಬೆಳವಣಿಗೆ ನೋಡಿದ ಪ್ರಯೋಗ 1969ರಲ್ಲಿ ಪ್ರಕಟವಾಗಿದೆ. ಬರಿಯ ರಾಗಿ ಊಟದವರಿಗಿಂತ ಎರಡೂ ಗುಂಪಿನ ಮಕ್ಕಳು ಚೆನ್ನಾಗಿ ಬೆಳೆದರು. ಕಾರ್ಖಾನೆಯ ಪುಡಿ ಮಾಡಿದ ಕೆಲಸವನ್ನು ಎಲೆಯ ಸಾರವೂ ಮಾಡಿತ್ತು. ಬಸ್ಸಾರಿನ ಸೊಪ್ಪು ಕಾಳನ್ನು ಒಟ್ಟಿಗೆ ಬೇಯಿಸಿ ಮುದ್ದೆಯ ಪಕ್ಕ ಬಡಿಸುವ ಕೈ ನನಗೆ ಅಲ್ಲಿ ಕಂಡಿತು.

ಅದೇ ಹೊತ್ತಿಗೆ, 1960ರ ದಶಕದ ಕೊನೆಗೆ, ಸರ್ಕಾರಿ ಒಡೆತನದ ಮಾಡರ್ನ್ ಬೇಕರೀಸ್ ತನ್ನ ಬ್ರೆಡ್ಡಿಗೆ ವಿಟಮಿನ್ನುಗಳ ಜೊತೆ ಲೈಸಿನ್ ಬೆರೆಸಿತು. ಉದ್ದೇಶ ದೊಡ್ಡದು. ಆದರೆ ಆಗ ಬ್ರೆಡ್ ಕೊಂಡು ತಿನ್ನುತ್ತಿದ್ದವರು ಪಟ್ಟಣದ ಸ್ಥಿತಿವಂತರು. ನಮ್ಮೂರಿನಲ್ಲಿ ಬ್ರೆಡ್ ಎಂದರೆ ಜ್ವರ ಬಂದವರಿಗೆ ತರುವ ವಸ್ತು. ಮೇಲಾಗಿ ಲೈಸಿನ್ ಬಿಸಿಗೆ ಅಂಜುವ ಜೀವ. ರೊಟ್ಟಿ, ಬ್ರೆಡ್ಡು ಕೆಂಪಗಾಗುವಾಗ ಏಳುವ ಘಮ, ಸಕ್ಕರೆಯ ಅಂಶ ಲೈಸಿನ್‌ನ ತೋಳು ಹಿಡಿದು ಬೆರೆತುಹೋಗುವ ಕ್ರಿಯೆಯದು. ಹಾಗೆ ಬೆರೆತ ಲೈಸಿನ್ ಮತ್ತೆ ಮೈಗೆ ದಕ್ಕುವುದಿಲ್ಲ. ಕಾರ್ಖಾನೆಯ ಲೈಸಿನ್‌ಗೆ ದಾರಿಯಾದದ್ದು ಹೀಗೆ: 1950ರ ದಶಕದ ಕೊನೆಗೆ ಜಪಾನೀಯರು ಒಂದು ಮಣ್ಣಿನ ಬ್ಯಾಕ್ಟೀರಿಯಕ್ಕೆ ಸಕ್ಕರೆ ಉಣಿಸಿ ಲೈಸಿನ್ ಹುಳಿಸುವುದನ್ನು ಕಲಿತರು. ಇಂದು ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಟನ್ನಿಗೂ ಹೆಚ್ಚು ತಯಾರಾಗುತ್ತದೆ. ಬಹುಪಾಲು ಹೋಗುವುದು ಕೋಳಿ ಮತ್ತು ಹಂದಿಯ ಮೇವಿಗೆ. ಆ ಕೋಳಿ ಕೊಳ್ಳುವ ಶಕ್ತಿ ಇದ್ದವರ ತಟ್ಟೆಗೆ ಅದು ಬಂದು ಸೇರುತ್ತದೆ. ಇಲ್ಲದವರ ಮನೆಯಲ್ಲಿ ಬೇಳೆಯ ಬೆಲೆ ಏರಿದಾಗ ಮೊದಲು ತೆಳುವಾಗುವುದು ಸಾರು. ಮುದ್ದೆಯ ಗಾತ್ರ ಹಾಗೇ ಇರುತ್ತದೆ, ಹೊಟ್ಟೆ ತುಂಬುತ್ತದೆ, ಯಾರಿಗೂ ಏನೂ ಕಾಣುವುದಿಲ್ಲ.

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡಿಸಿ, ನೀರು ಮಾತ್ರ ಕುಡಿಯಲು ಹೇಳುತ್ತಾನೆ. ಆಮೇಲೆ ವೇದ ಹೇಳು ಎಂದರೆ ಮಗನಿಗೆ ಒಂದೂ ನೆನಪಾಗುವುದಿಲ್ಲ. ಹೋಗಿ ಊಟ ಮಾಡು ಎಂದು ಕಳಿಸುತ್ತಾನೆ. ಉಂಡು ಬಂದವನಿಗೆ ಕೇಳಿದ್ದೆಲ್ಲ ಹೊಳೆಯುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂದು ತಿಳಿಸಲು ಇನ್ನೊಂದು ದಾರಿ ಇರಲಿಲ್ಲ. ವಾದದಿಂದ ತಿಳಿಯುವ ಸಂಗತಿ ಅದಲ್ಲ. ಸಿರಿಯಾದ ಗೋಧಿ ಹಳ್ಳಿಯವರ ಆತಂಕದ ವಿವರ ಓದುವಾಗ ನನಗೆ ಶ್ವೇತಕೇತು ನೆನಪಾಗಿದ್ದ. ಬೇಜಾರು, ಸಿಡುಕು, ಹೆದರಿಕೆ ಎಂದು ನಾವು ಒಬ್ಬರ ಸ್ವಭಾವಕ್ಕೆ ಕಟ್ಟುವುದರಲ್ಲಿ ಎಷ್ಟು ಭಾಗ ತಟ್ಟೆಯಲ್ಲಿ ಇಲ್ಲದ್ದರ ಹೆಸರೋ. ಹೋದ ವರ್ಷದಿಂದ ಅವ್ವ ಬೇಗ ದಣಿಯುತ್ತಾಳೆ, ಸಣ್ಣದಕ್ಕೆಲ್ಲ ಕಣ್ಣು ತುಂಬಿಕೊಳ್ಳುತ್ತಾಳೆ. ವಯಸ್ಸು ಎಂದು ನಾನು ಅದರ ಲೆಕ್ಕ ಮುಗಿಸಿದ್ದೆ.

ಆಗ ನಿಜವಾದ ಲೆಕ್ಕಕ್ಕೆ ಕೂತೆ. ಅವ್ವನ ತೂಕ 50 ಕಿಲೋ. ದಿನಕ್ಕೆ ಒಂದೂವರೆ ಗ್ರಾಂ ಲೈಸಿನ್ ಬೇಕು. 150 ಗ್ರಾಂ ರಾಗಿಹಿಟ್ಟಿನ ಮುದ್ದೆ, 100 ಗ್ರಾಂ ಅಕ್ಕಿಯ ಅನ್ನ ಎರಡೂ ಸೇರಿದರೆ ಅರ್ಧ ಗ್ರಾಂ ದಾಟಿ ತುಸು ಮುಂದೆ, ಅಷ್ಟೆ. 50 ಗ್ರಾಂ ಕಾಳಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಗ್ರಾಂ, ಒಂದು ಲೋಟ ಹಾಲಿನಲ್ಲಿ ಅರ್ಧ ಗ್ರಾಂ. ಹಾಲನ್ನು ಅವಳು ಕಾಫಿಗೆ ಬೇಕಾದಷ್ಟೇ ಮುಟ್ಟುತ್ತಾಳೆ. ಕಾಳು ತಟ್ಟೆಯಂಚಿನಲ್ಲಿ ಉಳಿಯುತ್ತದೆ. ನನ್ನೂಟದಲ್ಲಿ ಏನು ಕಮ್ಮಿ ಬಿದ್ದಿದೆ ಎಂದು ಅವಳು ಕೇಳಿದ ದಿನ ಉತ್ತರ ನನ್ನ ಕಣ್ಣೆದುರೇ ಇತ್ತು.

ಡಾಕ್ಟರನ್ನೂ ಕೇಳಿದೆ. ಈ ವಯಸ್ಸಿನಲ್ಲಿ ಇಂಥ ಮಾತ್ರೆ ಶುರುಮಾಡುವ ಮುನ್ನ ಮೂತ್ರಪಿಂಡ ಹೇಗಿದೆ ನೋಡಬೇಕು, ಮೊದಲು ಊಟ ಸರಿಮಾಡಿ ಎಂದರು. ದಿನಕ್ಕೊಂದು ಮಾತ್ರೆಯಿಂದ ಲೈಸಿನ್ ಬರುತ್ತದೆ, ಸುಮಾರು 70 ಗ್ರಾಂ ಬೇಳೆಯಲ್ಲಿ ಇರುವಷ್ಟು. ಆದರೆ ಬೇಳೆಯಲ್ಲಿರುವ ಮಿಕ್ಕ ಪ್ರೋಟೀನ್, ನಾರು, ಕಬ್ಬಿಣ, ಅದಕ್ಕೆ ಬಿದ್ದ ಒಗ್ಗರಣೆಯ ವಾಸನೆಗೆ ಬಾಯಲ್ಲಿ ಊರುವ ನೀರು ಆ ಡಬ್ಬಿಯಲ್ಲಿಲ್ಲ.

ಈಗ ಸಂಜೆಗೆ ನಮ್ಮ ಮನೆಯ ನಡುವೆ ಒಂದು ಬೇಸಿನ್ ಇರುತ್ತದೆ. ಅದರಲ್ಲಿ ನೆನೆದು ಉಬ್ಬಿದ ಅವರೆಕಾಳು. ನಾನು, ನನ್ನ ಹೆಂಡತಿ, ರಜೆ ಮುಗಿಯುವವರೆಗೆ ತಂಗಿಯ ಮಗಳು ಸುತ್ತ ಕೂತು ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿತಕುತ್ತೇವೆ. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಹೋಗುತ್ತದೆ. ಹಿತಕಿದ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ, ಹಲ್ಲು ಕೇಳುವುದಿಲ್ಲ. ಮೊದಲ ದಿನ ಅವ್ವ ತಾನೂ ಕೈ ಹಾಕಿದಳು. ನಮ್ಮ ಮೂವರದೂ ಸೇರಿ ಒಂದು ಬಟ್ಟಲಾಗುವಷ್ಟರಲ್ಲಿ ಅವಳದೊಂದೇ ಬಟ್ಟಲು ತುಂಬಿತ್ತು.

"ನಿಮ್ಮಪ್ಪಂಗೆ ಹಲ್ಲು ಹೋದಾಗ ದಿನಾ ಹಿತಕ್ತಿದ್ದೆ ಕಣಪ್ಪಾ" ಅಂದಳು.

ಅವತ್ತು ರಾತ್ರಿ ಸಾರನ್ನು ಎರಡು ಸಲ ಹಾಕಿಸಿಕೊಂಡಳು.